ಕಡೀ ಮನೀಗೆ ನೀರು

ಮೂವತ್ತೊಂದು ವರ್ಷ ನವಬಾಗಿನ ಓಣಿಗೆ
ನೀರು ಬಿಟ್ಟಾಂವ ನಾನು, ಲಾಡ್ಲೇಸಾಬ.
ನನ್ನ ಮಾರಿಗಿಂತ ನನ್ನ ಚಾವಿ ಸಪ್ಪಳ
ಮಂದಿಗೆ ಗುರುತ.
ನಸುಕಿನ್ಯಾಗ ಕಬ್ಬಣಕ್ಕ ಕಬ್ಬಣ ಬಡದ್ರ
ಎದ್ದು ಕೊಡ ಹಚ್ಚತಿದ್ರು.

ಚಾವಿ ಜಾರಿದ ದಿನ ಶುಕ್ರವಾರ.
ಎಡಗೈ ಅಲ್ಲೇ ಇತ್ತು, ನಂದಾಗಿರಲಿಲ್ಲ.
ಹೊಸಾ ಹುಡುಗ ಪರಸಪ್ಪ ನಕ್ಕ ಮೊದಲ,
ಕುಡದೀರೇನ್ ಚಾಚಾ, ಅಂದ.
ಆಮ್ಯಾಲ ನನ್ನ ಬಾಯಿ ನೋಡಿ ನಗೂದು ಬಿಟ್ಟ.
ಟಾವೆಲ್ ಬಿಚ್ಚಿ ನನ್ನ ತನ್ನ ಬೆನ್ನಿಗೆ ಕಟ್ಟಿಕೊಂಡು
ಗಾಡಿ ಹೊಡದ.

ಹಂಜಗಿ ಡಾಕ್ಟರಬಾಯಿ ತೋಳಿಗೆ ಪಟ್ಟಿ ಸುತ್ತಿದ್ರು.
ಮ್ಯಾಲಿಂದು ನೂರಾ ತೊಂಬತ್ತು,
ಕೆಳಗಿಂದು ಎಂಬತ್ತು.
"ನಡುವ ಇಷ್ಟು ಅಂತರ ಇರಬಾರದು ಕಾಕಾ,
ನಿಮ್ಮ ನಾಳ ಪೆಡಸಾಗ್ಯಾವ."

ಪೆಡಸು.
ಜೋರಾಪುರ ಪೇಟಿ ತಗ್ಗಿನಿಂದ ತಗದ ಪೈಪು
ನಾಕು ಇಂಚಿಂದು; ಹೆಬ್ಬೆಟ್ಟು ಹೋಗತಿದ್ದಿಲ್ಲ ಒಳಗ.
ನಮ್ಮ ಸವುಳು ನೀರು ವರ್ಷಕ್ಕೊಂದು ಪದರ
ಹಾಸಿ ಹಾಸಿ ಹೋಗಿತ್ತು, ಉಳ್ಳಾಗಡ್ಡಿ ಹಂಗ.
ಆ ತುಂಡು ಇನ್ನಾ ಮನ್ಯಾಗದ,
ಗಾಳಿಗೆ ಬಾಗಲಾ ಬಡೀಬಾರದಂತ ಒತ್ತಿಟ್ಟೀನಿ.

ಬದಲ ಮಾಡ್ಲಾಕ ಬರಂಗಿಲ್ಲೇನ್ರಿ?
ನಾವು ಮುನ್ಸಿಪಾಲ್ಟ್ಯಾಗ ರಸ್ತೆ ಅಗದು
ನೀಲಿ ಪೈಪು ಹಾಕತೀವಿ.
ಡಾಕ್ಟರಬಾಯಿ ಬರಿಯೂದು ನಿಲ್ಲಿಸಿದ್ರು.
"ಈ ರಸ್ತೆ ಅಗಿಲಾಕ ಬರಂಗಿಲ್ಲ.
ಪ್ರೆಶರ್ ಇಳಸೂದಷ್ಟ ನಮ್ಮ ಕೈಯಾಗಿಂದು."

ನಮ್ಮೂರಾಗ ಬಾದಶಾಹಿ ಕಾಲದ ಗಂಜು ಅವ,
ಮಂದಿ ಬುರುಜು ಅಂತಾರ, ಆಡು ಕಟ್ಟತಾರ.
ಮಣ್ಣಿನ ಕೊಳವಿ ಸೀಳಬಾರದಂತ
ಅದರ ನೆತ್ತಿಗೆ ನೀರು ಏರಿಸಿ
ಉಸಿರು ಬಿಡಸಿ
ಸಾವಕಾಶ ಇಳಸತಿದ್ರು.
ಈಗ ದಿನಾ ಮುಂಜಾನೆ ನುಚ್ಚಿನಷ್ಟು
ಒಂದು ಬಿಳಿ ಗುಳಿಗಿ ನುಂಗತೀನಿ.
ನನ್ನೊಳಗೊಂದು ಗಂಜು ಎದ್ದು ನಿಂದರತದ.

ನಡುವ ಹನ್ನೊಂದು ದಿನ ಬಿಟ್ಟಿದ್ದೆ.
ನೋವಿಲ್ಲ, ಬ್ಯಾನಿಲ್ಲ, ಯಾತಕ್ಕಂತ.
ಜೈತುನಬಿಗೆ ಓದು ಬರಂಗಿಲ್ಲ, ಎಣಿಕಿ ಬರ್ತದ.
ಖಾಲಿ ಆಗದ ಗುಳಿಗಿ ಪಟ್ಟಿ
ನನ್ನ ರೊಟ್ಟಿ ಮ್ಯಾಲಿಟ್ಟು ಒಳಗ ಹೋದಳು.
ಅವತ್ತು ತಾಟಿನ್ಯಾಗ ಉಪ್ಪಿನಕಾಯಿ ಇರಲಿಲ್ಲ,
ಮರದಿನಾನೂ ಇರಲಿಲ್ಲ.
ಗಕ್ಕನ ತಿರುವಬ್ಯಾಡೋ, ಓಡೂ ನೀರು
ಸುತ್ತಿಗಿ ಆಗ್ತದ, ಅಂತ
ಪರಸಪ್ಪಗ ಬೈದು ಕಲಿಸಿದಾಂವ ನಾನು!

ಮೊದಲಿನ ಗುಳಿಗಿಗೆ ಕಾಲು ಬಾತ್ವು.
ಅದನ್ನ ಬದಲ ಮಾಡಿ, ಇನ್ನೊಂದು ಕೂಡಿಸಿ ಕೊಟ್ರು.
ಈಗ ಬಾವಿಲ್ಲ. ಆದ್ರ ಹಾಸಗಿಂದ ಎದ್ದರ
ಕಣ್ಣ ಮುಂದ ಕತ್ತಲಿ.

ಅದೂ ಗೊತ್ತದ ನನಗ.
ಪ್ರೆಶರ್ ಇಳಿಸಿದ್ರ ತಗ್ಗಿನ ಮಂದಿ ಸುಮ್ಮನಿರತಾರ,
ದಿಬ್ಬದ ಮ್ಯಾಲಿನ ಕಡೀ ಮನಿ ಸಿದ್ದಮಲ್ಲವ್ವ
ಖಾಲಿ ಕೊಡ ಬಡಕೋತ
ನನ್ನ ಏಳು ತಲಿ ಎಣಸತಾಳ.
ಆಕಿ ಕೊಡ ತುಂಬೂತನಕ
ವಾಲ್ ಬಿಟ್ಟು ಕದಲಿದಾಂವಲ್ಲ ನಾನು,
ಚಹಾ ಆರಿದ್ರೂ.

ತಲಿ ಅಂದ್ರ ದಿಬ್ಬದ ಮನಿ.
ಅದಕ ಹಾಸಗಿ ಅಂಚಿಗೆ ಕಾಲು ಇಳಿಬಿಟ್ಟು ಕುಂತೀನಿ.
ಹೊರಗ ಪರಸಪ್ಪನ ಚಾವಿ:
ಒಂದು ಸುತ್ತು,
ಎರಡು,
ಕಲತಾನ ಹುಡುಗ.
ಜೈತುನಬಿ ಬಾಗಲದಾಗ ಗ್ಲಾಸು ಹಿಡದು ನಿಂತಾಳ,
ಏಳ್ರಿ ಅನ್ನವಲ್ಲಳು, ಏಳಬ್ಯಾಡ್ರಿ ಅನ್ನವಲ್ಲಳು.

ಬೈಬ್ಯಾಡ ತಡಿ ಸಿದ್ದಮಲ್ಲವ್ವ,
ಬರ್ಲಾಕತ್ತದ,
ಏರು ಅದ ಅಲ್ಲ, ಅದಕ ತಡಾ.