ರೆಪ್ಪೆ

ಕಥೆಯಲ್ಲಿ ಒಬ್ಬಳು ಹೆಂಗಸು ಮೀನು ಕೊಯ್ಯುತ್ತಾಳೆ.
ಇಡೀ ಕಥೆ ಅಷ್ಟೇ, ಮೂರೂವರೆ ಪುಟ.
ಅತ್ತೆ ಬಾಗಿಲಲ್ಲಿ ನಿಂತಿದ್ದಾಳೆ.
‘ಹುಟ್ಟಿದಾಗಿನಿಂದ ಇದೇ ಕೆಲಸ ನನ್ನದು’ ಅನ್ನುತ್ತಾಳೆ ಸೊಸೆ,
ಹೊಟ್ಟೆ ಸೀಳುತ್ತಾಳೆ. ಕೊನೆಯ ಸಾಲು:
ಮೀನು ಇನ್ನೂ ಕಣ್ಣು ಮುಚ್ಚಿರಲಿಲ್ಲ.

ಆ ತೆರೆದ ಕಣ್ಣು ಏನನ್ನು ಸೂಚಿಸುತ್ತದೆ?
ಐದು ಪ್ಯಾರಾ. ಮೊದಲಲ್ಲಿ ವಾದ, ನಡುವೆ ಮೂರು ಪುರಾವೆ,
ಕೊನೆಗೆ, ಮೊದಲು ಹೇಳಿದ್ದಕ್ಕೇ ಬೇರೆ ಅಂಗಿ ತೊಡಿಸಿ ನಿಲ್ಲಿಸುವುದು.
ಕೊಡಿಯಾಕಿನ ಈ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ
ಹನ್ನೆರಡನೇ ಕ್ಲಾಸಿಗೆ ಇದೇ ಪ್ರಶ್ನೆ.
ಉತ್ತರವೂ ನನಗೆ ಗೊತ್ತು: ಪಾಪಪ್ರಜ್ಞೆ.
ನನ್ನ ಪುಸ್ತಕದ ಅಂಚಿನಲ್ಲಿದೆ,
ಕೆಳಗೆ ಎರಡು ಗೆರೆ ಎಳೆದು.

ಭಾನುವಾರ. ಕಿಟಕಿಯಾಚೆ ಮಂಜು, ಬಂದರು ಕಾಣದು,
ಕ್ಯಾನರಿಯ ವಾಸನೆ ಮಾತ್ರ ದಾರಿ ತಪ್ಪದೆ ಒಳಗೆ ಬಂದಿದೆ.
ಇಪ್ಪತ್ತಾರು ಪ್ರಬಂಧ, ಒಂದು ಕೆಂಪು ಪೆನ್ನು, ಆರಿದ ಕಾಫಿ.

ಲಾರಿಸಾ ಪೆಸ್ಟ್ರಿಕಾಫ್‌ಗೆ ಅದು ದೇವರ ಕಣ್ಣು;
ಅವಳಜ್ಜ ಇಗರ್ಜಿಯಲ್ಲಿ ಗಂಟೆ ಹೊಡೆಯುತ್ತಾನೆ.
ಟಕರ್‌ಗೆ ಅದು ಬಂಡವಾಳಶಾಹಿ,
ಆ ಪದ ಕಲಿತದ್ದು ಹೋದ ವಾರ.
ಒಬ್ಬ ಏಳು ಸಲ ‘ಆದಾಗ್ಯೂ’ ಬರೆದಿದ್ದಾನೆ,
ಎದುರಾಡಲು ಒಂದೂ ಮಾತಿಲ್ಲದೆ.
ಉಳಿದವರದು ಪಾಪಪ್ರಜ್ಞೆ, ಪಾಪಪ್ರಜ್ಞೆ,
ಅಕ್ಕನಿಂದ ತಮ್ಮನಿಗೆ ಇಳಿದ ಸ್ವೆಟರಿನ ಹಾಗೆ,
ಮೊಣಕೈ ಸವೆದದ್ದು.

ರೊಸೆಂಡೊ ಅಗ್ಬಯಾನಿ ಬರೆದದ್ದು ಒಂದೇ ಪ್ಯಾರಾ.
‘ಮೀನಿಗೆ ರೆಪ್ಪೆಯಿಲ್ಲ.
ಮುಚ್ಚಲು ಏನೂ ಇಲ್ಲದ ಕಣ್ಣು
ಇನ್ನೂ ಮುಚ್ಚಲಿಲ್ಲವಲ್ಲ ಎಂದು ಕಾಯುವವರು
ಮೊದಲ ಸಲ ಮೀನು ಕೊಯ್ಯುವವರು.
ಆದ್ದರಿಂದ ಸೊಸೆ ಹೇಳಿದ್ದು ಸುಳ್ಳು.
ಅತ್ತೆಗೆ ಅದು ಗೊತ್ತು. ಅದಕ್ಕೇ ಬಾಗಿಲಲ್ಲಿ ನಿಂತಿದ್ದಾಳೆ,
ಚಾಕು ಹಿಡಿದ ರೀತಿ ನೋಡುತ್ತ.’

ಅಂಚಿನಲ್ಲಿ, ಅಭ್ಯಾಸಬಲದಿಂದ, ಬರೆದೆ:
ಪುರಾವೆ ಎಲ್ಲಿ?

ಬುಧವಾರ ಮಧ್ಯಾಹ್ನ ಎರಡಕ್ಕೆ
ಊರಿನ ಸುನಾಮಿ ಸೈರನ್ನು ತನ್ನ ಗಂಟಲು ಪರೀಕ್ಷಿಸಿಕೊಳ್ಳುವಾಗ,
ಎಲ್ಲರೂ ವಾಕ್ಯದ ನಡುವೆ ತಡೆದು ನಿಂತಾಗ,
ಅವನು ಎದ್ದು ಬಂದು ಹಾಳೆ ಮೇಜಿನ ಮೇಲಿಟ್ಟ.
ನನ್ನ ಪ್ರಶ್ನೆಯ ಕೆಳಗೆ:
‘ಕ್ಯಾನರಿ, ರಾತ್ರಿ ಪಾಳಿ, ಜೂನ್‌ನಿಂದ ಆಗಸ್ಟ್.
ನಿಮಿಷಕ್ಕೆ ನಾಲ್ಕು ಮೀನು. ಲೆಕ್ಕ ನೀವೇ ಹಾಕಿ.
ಮೊದಲ ರಾತ್ರಿ ನಾನೂ ಕಾದಿದ್ದೆ.’
ಹೆಬ್ಬೆರಳ ಬುಡದಲ್ಲಿ ಅಡ್ಡಕ್ಕೊಂದು ಗಾಯದ ಗುರುತು,
ಬೆಳ್ಳಗೆ ಮಾಗಿದ್ದು.
ಅಂಗೈ ಹುಣ್ಣಿಗೆ ಕನ್ನಡಿ ತಾ ಅಂದವಳು ನಾನು.

ಅಂಕದ ಹಾಳೆಯಲ್ಲಿ ಚೌಕಗಳಿವೆ:
ವಾದಕ್ಕೆ ಹತ್ತು, ಉದ್ಧರಣೆಗೆ ಹತ್ತು, ವ್ಯಾಕರಣಕ್ಕೆ ಐದು.
‘ನಾನೂ ಕಾದಿದ್ದೆ’ ಎಂಬುದನ್ನು ಯಾವುದರಲ್ಲಿ ಕೂಡಿಸಲಿ?

ಸಂಜೆ ಅಂಗಡಿಗೆ ಹೋದೆ.
ಈ ಊರಲ್ಲಿ ದುಡ್ಡು ಕೊಟ್ಟು ಮೀನು ಕೊಳ್ಳುವುದು
ನನ್ನಂಥ ಹೊರಗಿನವರು ಮಾತ್ರ.
‘ತಲೆ ತೆಗೆದು ಕೊಡಲೇ?’
ಹತ್ತೊಂಬತ್ತು ವರ್ಷ ಹೂಂ ಅಂದಿದ್ದೇನೆ.
ಇವತ್ತು ಬೇಡ ಅಂದೆ.
ಸಿಂಕಿನ ದೀಪದಡಿ ಅದೂ ನಾನೂ,
ತಟ್ಟೆಯಲ್ಲಿ ಮಂಜುಗಡ್ಡೆ ಕರಗುವವರೆಗೆ.
ಎಷ್ಟು ಹೊತ್ತು ಕಾದೆ ಅಂತ ಹೇಳಲಾರೆ.

ಆಮೇಲೆ ಪುಸ್ತಕದ ಅಂಚಿನ ಉತ್ತರ ಉಜ್ಜಿದೆ;
ಗೆರೆಗಳು ಹೋಗಲಿಲ್ಲ, ಪುಟ ಸ್ವಲ್ಪ ಹರಿಯಿತು.

ಕೊನೆಗೆ, ಬೇರೇನೂ ತೋಚದೆ,
ಅವನ ‘ಇಟ್ಸ್’ನ ನೆತ್ತಿಯ ಮೇಲೆ ಸುಮ್ಮನೆ ಕೂತಿದ್ದ
ಬೇಡದ ಅಪಾಸ್ಟ್ರಫಿಗೆ ಒಂದು ಸುತ್ತು ಹಾಕಿದೆ.
ಅಷ್ಟಾದರೂ ನನ್ನ ಕಸುಬು ನನಗೆ ಗೊತ್ತು.
ಕೆಂಪು ವರ್ತುಲ, ನಡುವೆ ಕಪ್ಪು ಚುಕ್ಕೆ.
ಹಾಳೆ ಮಡಿಸುವವರೆಗೂ
ನೋಡುತ್ತಲೇ ಇತ್ತು.