ಗಂಟು, ಗಂಟೆ

ಸೋಲಾಪುರದ ಈ ಓಣಿಯಲ್ಲಿ ನನಗೆ ಎರಡು ಹೆಸರು:
ಎಡಮನೆಯ ಮರಾಠಿಯಲ್ಲಿ ಝೋಪಾಳೂ,
ಬಲಮನೆಯ ಕನ್ನಡದಲ್ಲಿ ಸೂರ್ಯವಂಶದಾಕಿ.
ನೀಲಾಂಬಿಕಾ ಅನ್ನುವುದು
ರೇಷನ್ ಕಾರ್ಡು ಮಾತ್ರ.

ರಾತ್ರಿ ಎರಡಕ್ಕೆ ನನ್ನ ತಲೆಯೊಳಗೆ
ಯಾರೋ ಅಂಗಳ ಗುಡಿಸಿ ನೀರು ಹೊಡೆಯುತ್ತಾರೆ.
ಹಿಂದಿನ ಶೆಡ್ಡಿನಲ್ಲಿ ಮಗ್ಗ ಖಟಖಟ.
ಅಲ್ಲಿ ರಾತ್ರಿಪಾಳಿ ಮುಗಿಸಿದ ಈರಣ್ಣ
ಮಧ್ಯಾಹ್ನದ ತನಕ ಮಲಗಿದರೆ
"ಪಾಪ, ದುಡದ ಬಂದಾನ, ಸಪ್ಪಳ ಮಾಡಬ್ಯಾಡ್ರಿ."
ನಾನು ಮಲಗಿದರೆ
ಪಾತ್ರೆಗಳಿಗೆ ಬಾಯಿ ಬರುತ್ತದೆ.

ನೋಡಲು ಬಂದವರು
ಮುಂಜಾನೆ ಎಂಟಕ್ಕೇ ಬಂದು
ಉಪ್ಪಿಟ್ಟಿನ ಜೊತೆ ನನ್ನ ಆಕಳಿಕೆಯನ್ನೂ ತಿಂದು ಹೋದರು.

ಡಾಕ್ಟರು ಅಂದರು:
ಒಳಗಿನ ಗಡಿಯಾರ ನಾಲ್ಕು ತಾಸು ಹಿಂದಿದೆ.
ಅವ್ವ ಕೇಳಿದಳು:
"ಕಿವಿ ಹಿಂಡಿದರ ಮುಂದ ಸರಿಯೂದಿಲ್ಲೇನ್ರಿ?"
ಅವರು ನಗಲಿಲ್ಲ. ನಾನು ನಕ್ಕೆ.
ಹದಿನೈದು ವರ್ಷ ಹಿಂಡಿಸಿಕೊಂಡ ಕಿವಿ.

ಚಾದರಿನ ಅಂಚಿಗೆ ಕುಚ್ಚು ಕಟ್ಟುತ್ತೇನೆ,
ಒಂದಕ್ಕೆ ಇಷ್ಟು ಅಂತ.
ಯಾರ್‍ಯಾರೋ ಹೊದ್ದು ಮಲಗುವುದನ್ನು
ಎಚ್ಚರವಿದ್ದು ಮುಗಿಸಿ ಕೊಡುವವಳು.
ಮುಕಾದಮ ನರಸಯ್ಯ ಎಣಿಸುತ್ತಾನೆ, ಜಗ್ಗಿ ನೋಡುತ್ತಾನೆ.
ಗಂಟಿನ ಮೇಲೆ
ಗಂಟೆ ಬರೆದಿರುವುದಿಲ್ಲ.

ನಾಲ್ಕೂವರೆಗೆ ಅವ್ವ ಏಳುತ್ತಾಳೆ.
"ಇನ್ನೂ ಎದ್ದೇ ಕುಂತೀ?"
ಹನ್ನೊಂದಕ್ಕೆ ಇದೇ ಬಾಯಿ
"ಇನ್ನೂ ಮಲಗೇ ಇದ್ದೀ?" ಅನ್ನಲಿದೆ.
ಈಗ ಮಾತ್ರ
ಅವಳ ಬೆಳಗಿನ ಚಹಾ, ನನ್ನ ರಾತ್ರಿಯ ಚಹಾ
ಒಂದೇ ಪಾತ್ರೆಯಲ್ಲಿ ಕುದಿಯುತ್ತಿದೆ.
ಬಿಚ್ಚಿದ ಚಾದರಿನ ಆಚೆ ತುದಿ ತೊಡೆಗೆಳೆದುಕೊಂಡು
ಕನ್ನಡಕ ಹುಡುಕುತ್ತಾಳೆ.
ಅದು ಅವಳ ತಲೆಯ ಮೇಲೇ ಇದೆ.
ನಾನು ಹೇಳುವುದಿಲ್ಲ, ಇನ್ನೂ ಸ್ವಲ್ಪ ಹೊತ್ತು.