ಆನೆ ದಾಟುವವರೆಗೆ

ಸಿನೆಮಾ ಮುಗಿದಾಗ ಒಂಬತ್ತೂ ಕಾಲು.
ಅಮ್ಮತ್ತಿಯ ಸಮುದಾಯ ಭವನದ ಗೋಡೆಯಿಂದ
ಬಿಳಿ ಪಂಚೆ ಇಳಿಸುತ್ತಿದ್ದಾಗ
ಜೀಪಿನ ಮೊಯ್ದು ಬಾಗಿಲಲ್ಲಿ ನಿಂತು ಹೇಳಿದ:
ಸಿದ್ದಾಪುರದ ದಾರಿಗೆ ಅಡ್ಡ ಒಂಟಿ ಸಲಗ,
ಈಗ ಯಾರೂ ಹೊರಡುವ ಹಾಗಿಲ್ಲ.

ಕೊಲೆಯಾದ ಬಂಗಲೆಯ ನೆಂಟರ ಹಾಗೆ
ಉಳಿದೆವು ಇಪ್ಪತ್ತಮೂರು ಜನ
ಒಂದು ಬಲ್ಬಿನ ಕೆಳಗೆ,
ಬೆಲ್ಲದ ಕಾಫಿ ಊದಿಕೊಳ್ಳುತ್ತ.

‘ಅವನು ಕೋವಿ ಹಿಡಿದದ್ದು ನೋಡಿದಿರಾ?
ಕೂಸು ಎತ್ತಿಕೊಂಡ ಹಾಗೆ!’
ಸುಬೇದಾರ್ ಅಚ್ಚಪ್ಪನವರು ಕುರ್ಚಿ ಬಿಟ್ಟೆದ್ದರು.
‘ನಮ್ಮಲ್ಲಿ ಹುಟ್ಟಿಗೊಂದು ಗುಂಡು, ಸಾವಿಗೆರಡು.
ಇವನು ಮೂರು ಹೊಡೆದ.
ಮೂರನೆಯದು ಯಾರಿಗೆ?’

‘ಗುಂಡು ಬಿಡಿ’ ಎಂದಳು ನರ್ಸ್ ಸೆರಾಫಿನ್,
‘ಮೊದಲು ಹಾಲಿನಲ್ಲಿ ವಿಷ ಕೊಟ್ಟರಲ್ಲ,
ವಿಷ ಕುಡಿದವರು ಅಷ್ಟುದ್ದ ಮಾತಾಡುವುದಿಲ್ಲ.
ಲೋಟವನ್ನು ಮೇಜಿನ ಮೇಲೆ ನೆಟ್ಟಗೆ ಇಡುವುದೂ ಇಲ್ಲ.’
ಆಮೇಲೆ ಮೆಲ್ಲಗೆ, ‘ನೋಡಿದ್ದೇನೆ.’
ಎಷ್ಟು ಜನರನ್ನು ಎಂದು ನಾವು ಕೇಳಲಿಲ್ಲ.

ಟೈಲರ್ ಕುಟ್ಟನ್‌ಗೆ ಕಥೆಯೇ ಗೊತ್ತಿಲ್ಲ.
ಹೆಣದ ಮುಷ್ಟಿಯಲ್ಲಿ ಸಿಕ್ಕ ಗುಂಡಿಗೆ ನಾಲ್ಕು ತೂತು,
ಕೋಟಿನ ಗುಂಡಿಗಳಿಗೆಲ್ಲ ಎರಡೇ.
‘ಅಲ್ಲಿಂದ ಮುಂದೆ ಯಾರು ಯಾರನ್ನು ಕೊಂದರೋ,
ನಾನು ಗುಂಡಿ ಎಣಿಸುತ್ತಿದ್ದೆ.’

‘ನಂಗೆ ಇಷ್ಟ ಆಯ್ತು’ ಎಂದಳು ಪಿಯುಸಿಯ ದೇಚಮ್ಮ.
ತಪ್ಪೊಪ್ಪಿಕೊಂಡವಳ ಕಡೆ ತಿರುಗುವಂತೆ
ಎಲ್ಲರೂ ಅವಳ ಕಡೆ ತಿರುಗಿದರು.
ಕೊಲೆಗಾರನಿಗಾಗಿ ಅತ್ತಿದ್ದಳಂತೆ. ಕಣ್ಣು ಕೆಂಪಗಿತ್ತು.

ನನ್ನ ತಕರಾರು ಬೇರೆ.
ಆ ಕಾದಂಬರಿಯನ್ನು ಇಪ್ಪತ್ತಾರು ವರ್ಷ
ಪಂಚಾಯಿತಿ ಲೈಬ್ರರಿಯಿಂದ ಕೊಟ್ಟು
ವಾಪಸು ಪಡೆದವನು ನಾನು.
ಬೆನ್ನು ಕಿತ್ತಾಗ ಮೂರು ಸಲ ಗೋಂದು ಹಚ್ಚಿದ್ದೇನೆ.
ಒಂಬತ್ತನೇ ಪುಟದಲ್ಲೇ ಯಾವನೋ
ಕೊಲೆಗಾರನ ಹೆಸರು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದ.
ಅಳಿಸಿದೆ. ಒತ್ತಿ ಬರೆದ ಗುರುತು ಉಳಿದಿದೆ,
ಬೆರಳಿಟ್ಟರೆ ತಿಳಿಯುತ್ತದೆ.
ಆದರೂ ಊರೆಲ್ಲ ಕೊನೆಯ ಪುಟದವರೆಗೆ ಓದಿತು.

ಪುಸ್ತಕದ ಪತ್ತೇದಾರನಿಗೆ ದಮ್ಮು.
ಮೂರು ಮೆಟ್ಟಿಲಿಗೊಮ್ಮೆ ನಿಲ್ಲುತ್ತಾನೆ,
ಕಂಬಿ ಹಿಡಿದು ಉಸಿರೆಳೆಯುತ್ತಾನೆ,
ನಿಂತದ್ದಕ್ಕೇ ಕಾಣುತ್ತದೆ ಅವನಿಗೆ
ಕಂಬಿಯ ಸೀಳಿಗೆ ಸಿಕ್ಕಿಕೊಂಡ ಹಸಿರು ನೂಲು.
ಸಿನೆಮಾದವನು ಸುಂದರ, ಗಟ್ಟಿ ಎದೆ,
ದಡದಡ ಮೆಟ್ಟಿಲು ಹಾರಿದ.
ನೂಲು ಅಲ್ಲೇ ಉಳಿಯಿತು.
ಪಾಪ, ಕೊಲೆಗಾರ ಯಾರೆಂದು ಅವನಿಗೆ
ಯಾರೋ ಫೋನು ಮಾಡಿ ಹೇಳಬೇಕಾಯಿತು.

ಇಷ್ಟು ಹೇಳಿ ನಾನೂ ಕೂತೆ, ಗೆದ್ದವನ ಹಾಗೆ.

ಆಗ ಗೋಡೆಗೊರಗಿದ್ದ ಬೊಳಚಿ
ಎಲೆಯಡಿಕೆ ದವಡೆಗೆ ಸರಿಸಿ ಅಂದಳು:
‘ಆ ಬಾಗಿಲು ತೆಗೆಯೋದಿಲ್ಲ.’
ಯಾವುದು?
‘ಕೊಂದವನು ಓಡಿಹೋದನಲ್ಲ, ಅದು.
ಸಿನೆಮಾದವರು ಬಂದು ಬಣ್ಣ ಬಳಿದರು, ನಿಜ.
ನಾನು ಆ ಬಂಗಲೆ ಗುಡಿಸಿದ್ದು ಹತ್ತೊಂಬತ್ತು ವರ್ಷ.
ಬಾಗಿಲ ಹಿಂದೆ ಇಟ್ಟಿಗೆ ಗೋಡೆ.
ಹಳೇ ಧಣಿ ಕಟ್ಟಿಸಿದ್ದು, ಒಂದೇ ರಾತ್ರಿಯಲ್ಲಿ.’

ಹಾಗಾದರೆ ಕೊಲೆಗಾರ?
‘ಒಳಗೇ ಇದ್ದಾನೆ’ ಎಂದಳು,
ಹಾಲು ಉಕ್ಕಿತು ಎಂಬಷ್ಟು ಸಲೀಸಾಗಿ.

ಸುಬೇದಾರರು ನಕ್ಕರು, ಸ್ವಲ್ಪ ತಡವಾಗಿ.
ಕುಟ್ಟನ್ ತನ್ನ ಕೋಟಿನ ಗುಂಡಿ ಮುಟ್ಟಿನೋಡಿಕೊಂಡ.
ಸಿನೆಮಾದಲ್ಲಿ ತಟ್ಟೆ ಹಿಡಿದು ಎರಡು ಸಲ
ಆಚೆಯಿಂದೀಚೆ ನಡೆದುಹೋದ ಕೆಲಸದವಳ
ಮುಖ ನೆನಪಿಸಿಕೊಳ್ಳಲು ನೋಡಿದೆ.
ತಟ್ಟೆಯಷ್ಟೇ ನೆನಪಾಯಿತು.

ಹತ್ತೂವರೆಗೆ ಮೊಯ್ದು ಹಾರ್ನ್ ಹೊಡೆದ: ದಾಟಿತು.

ದಾರಿಯಲ್ಲಿ ಹೆಡ್‌ಲೈಟಿಗೆ ಸಿಕ್ಕಿದ್ದು
ಇನ್ನೂ ಹಬೆಯಾಡುವ ಲದ್ದಿ,
ಮಲಗಿದ ಬೇಲಿ, ಸಿಗಿದುಬಿದ್ದ ಬೈನೆ ಮರ.
ಇಲ್ಲಿ ಯಾರನ್ನೂ ವಿಚಾರಿಸುವ ಅಗತ್ಯವಿರಲಿಲ್ಲ.

ಒಂದೇ ರಾತ್ರಿಯಲ್ಲಿ ಕಟ್ಟಿಸಿದ್ದು ಯಾಕೆ ಎಂದು
ಕೇಳಬೇಕೆಂದು ಹಿಂದೆ ತಿರುಗಿದೆ.
ಬೊಳಚಿ ನಿದ್ದೆಹೋಗಿದ್ದಳು,
ಸೀರೆಯ ಸೆರಗು ಬಾಯಿಗೆ ಅಡ್ಡ.